ಸ್ವಸ್ತಿಕದ ವಕಾಲತ್ತು, ಯಹೂದಿ ದ್ವೇಷದ ಪ್ರಶ್ನೆ

2022ರ ಜೂನ್ ತಿಂಗಳಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಶಾಸನಸಭೆ ಒಂದು ಮಸೂದೆಯನ್ನು ಅಂಗೀಕರಿಸಿತು. ನಾಜಿ ಚಿಹ್ನೆಯನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದು ಆ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಹಿಂದೂ, ಬೌದ್ಧ ಮತ್ತು ಜೈನರು ತಮ್ಮ ಧರ್ಮಾಚರಣೆಯಲ್ಲಿ ಬಳಸುವ ಸ್ವಸ್ತಿಕಕ್ಕೆ ಅದು ಅನ್ವಯಿಸದೆಂದು ಕಾಯ್ದೆಯೇ ಸ್ಪಷ್ಟವಾಗಿ ಹೇಳುತ್ತದೆ. ಅದೇ ವರ್ಷ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವೂ ತನ್ನ ದ್ವೇಷಚಿಹ್ನೆಗಳ ಕಾನೂನನ್ನು ತಿದ್ದಿ, ಹಿಟ್ಲರನ ಕೊಕ್ಕೆ ಶಿಲುಬೆಯನ್ನು ಅದರ ಜರ್ಮನ್ ಹೆಸರಾದ 'ಹಾಕೆನ್‌ಕ್ರೊಯ್ಟ್ಸ್' ಎಂಬುದರಿಂದಲೇ ಗುರುತಿಸಿ, ಪ್ರಾಚೀನ ಸ್ವಸ್ತಿಕವನ್ನು ಅದರಿಂದ ಬೇರ್ಪಡಿಸಿತು. ಸಂಖ್ಯೆಯಲ್ಲಿ ಎಲ್ಲಿಯೂ ಗಣನೆಗೆ ಬಾರದಷ್ಟು ಚಿಕ್ಕದಾದ ಜೈನ ಸಮಾಜದ ಹೆಸರು ದೂರದ ಎರಡು ದೇಶಗಳ ಕಾನೂನು ಚರ್ಚೆಯಲ್ಲಿ ಕಾಣಿಸಿಕೊಂಡದ್ದು ಸಮಾಜಬಾಂಧವರಿಗೆ ಸಹಜವಾಗಿಯೇ ಸಮಾಧಾನ ತಂದಿತು.

ಈ ಸಮಾಧಾನ ತಾನಾಗಿ ಒದಗಿದ್ದಲ್ಲ. ಯುರೋಪ್ ಒಕ್ಕೂಟದಾದ್ಯಂತ ಸ್ವಸ್ತಿಕವನ್ನೇ ನಿಷೇಧಿಸುವ ಮಾತು 2005ರಲ್ಲಿ ಒಮ್ಮೆ, 2007ರಲ್ಲಿ ಮತ್ತೊಮ್ಮೆ ಎದ್ದಾಗ ಬ್ರಿಟನ್ನಿನ ಹಿಂದೂ ಸಂಘಟನೆಗಳು ಮುಂದೆ ನಿಂತು ವಿರೋಧಿಸಿದವು. 2008ರಲ್ಲಿ ಜೆರುಸಲೇಮಿನಲ್ಲಿ ಹಿಂದೂ ಮತ್ತು ಯಹೂದಿ ಧರ್ಮಗುರುಗಳ ಸಮಾವೇಶವೊಂದು ನಡೆದು, ಸ್ವಸ್ತಿಕವು ನಾಜಿಗಳಿಗಿಂತ ಸಾವಿರಾರು ವರ್ಷ ಹಿಂದಿನ ಮಂಗಳಚಿಹ್ನೆಯೆಂದು ಘೋಷಣೆ ಹೊರಡಿಸಿತು. ಆ ಘೋಷಣೆಗೆ ಒಪ್ಪಿದವರು ಯಾರೆಂಬುದನ್ನು ಗಮನಿಸಬೇಕು. ಆ ಚಿಹ್ನೆಯ ಕೆಳಗೆ ಅರುವತ್ತು ಲಕ್ಷ ಜನರನ್ನು ಕಳೆದುಕೊಂಡ ಸಮುದಾಯದ ಹಿರಿಯರು ಅವರು. ಅಷ್ಟು ದೊಡ್ಡ ಗಾಯವನ್ನು ಹೊತ್ತವರು ಪರರ ಪೂಜೆಯ ಮಣೆಯ ಮೇಲಿನ ಅಕ್ಕಿಯ ರೇಖೆಗಳನ್ನು ತಮ್ಮ ಸಂಕಟದಿಂದ ಬೇರ್ಪಡಿಸಿ ನೋಡಲು ಸಿದ್ಧರಾದದ್ದು ಸಾಮಾನ್ಯ ಔದಾರ್ಯವಲ್ಲ.

ಪ್ರತಿಯಾಗಿ ಜೈನ ಸಮಾಜ ಏನು ಕೊಟ್ಟಿದೆ? ಈ ಪ್ರಶ್ನೆ ವಿರಳವಾಗಿ ಕೇಳಲ್ಪಡುತ್ತದೆ.

ಬಸದಿಯಲ್ಲಿ ಅಕ್ಷತೆಯಿಂದ ಸ್ವಸ್ತಿಕ ಬರೆಯುವ ಮಗುವಿಗೆ ಅದರ ನಾಲ್ಕು ಭುಜಗಳು ದೇವ, ಮನುಷ್ಯ, ತಿರ್ಯಂಚ, ನರಕ ಎಂಬ ನಾಲ್ಕು ಗತಿಗಳೆಂದೂ, ಮೇಲಿನ ಮೂರು ಬಿಂದುಗಳು ರತ್ನತ್ರಯವೆಂದೂ, ಅರ್ಧಚಂದ್ರ ಸಿದ್ಧಶಿಲೆಯೆಂದೂ ಕಲಿಸಲಾಗುತ್ತದೆ. ಸುಪಾರ್ಶ್ವನಾಥರ ಲಾಂಛನವೆಂದೂ ಹೇಳಿಕೊಡಲಾಗುತ್ತದೆ. ಅದೇ ಮಗು ಮುಂಬಯಿಯ ಫೋರ್ಟ್ ಪ್ರದೇಶದ ಪಾದಚಾರಿ ಮಾರ್ಗದಲ್ಲಿ ನಡೆದರೆ ಪುಸ್ತಕದ ರಾಶಿಯಲ್ಲಿ ವ್ಯಕ್ತಿತ್ವ ವಿಕಸನದ ಹೊತ್ತಗೆಗಳ ಪಕ್ಕದಲ್ಲೇ ಹಿಟ್ಲರನ ಆತ್ಮಕಥೆ ಮಾರಾಟಕ್ಕಿರುವುದನ್ನು ಕಾಣುತ್ತದೆ. 2006ರಲ್ಲಿ ನವಿ ಮುಂಬಯಿಯ ಖಾರ್ಘರ್‌ನಲ್ಲಿ ಹಿಟ್ಲರನ ಹೆಸರನ್ನೇ ಹೊತ್ತ ಉಪಾಹಾರಗೃಹವೊಂದು ತೆರೆದುಕೊಂಡಿತ್ತು. ಯಹೂದಿ ಸಮುದಾಯ ಪ್ರತಿಭಟಿಸಿದ ಮೇಲೆ ಮಾಲೀಕರು ಹೆಸರು ಬದಲಿಸಿದರು. ಕುಟುಂಬದ ವಾಟ್ಸ್ಆ್ಯಪ್ ಬಳಗಗಳಲ್ಲಿ 'ಶಿಸ್ತಿಗೆ ಅಂಥವನೇ ಬೇಕು' ಎಂಬ ಮಾತು ಬಂದಾಗ ಅಹಿಂಸಾಣುವ್ರತಿಗಳ ಮನೆಗಳಲ್ಲಿಯೂ ಅದನ್ನು ತಡೆದು ನಿಲ್ಲಿಸುವವರು ಕಡಿಮೆ. ಅದು ದ್ವೇಷದಿಂದ ಹುಟ್ಟಿದ ಮಾತೇನೂ ಅಲ್ಲ, ಅಜ್ಞಾನದಿಂದ ಹುಟ್ಟಿದ್ದು. ಆದರೆ ಸಮ್ಯಕ್ ಜ್ಞಾನವನ್ನು ರತ್ನವೆಂದು ಪೂಜಿಸುವ ಸಮಾಜಕ್ಕೆ ಅಜ್ಞಾನವು ನೆಪವಾಗಲಾರದು.

ಇನ್ನೊಂದು ಸೂಕ್ಷ್ಮವಾದ ಸಂಗತಿಯಿದೆ. ಜೈನರನ್ನು 'ಭಾರತದ ಯಹೂದಿಗಳು' ಎಂದು ಕರೆಯುವುದುಂಟು. ವ್ಯಾಪಾರದಲ್ಲಿ ನಿಪುಣರು, ಸಂಖ್ಯೆಯಲ್ಲಿ ಕಡಿಮೆ, ಸಂಪತ್ತಿನಲ್ಲಿ ಹೆಚ್ಚು ಎಂಬುದು ಅದರ ಭಾವಾರ್ಥ. ಅನೇಕರು ಇದನ್ನು ಹೊಗಳಿಕೆಯೆಂದು ಸ್ವೀಕರಿಸಿ ಸಭೆಗಳಲ್ಲಿ ತಾವೇ ಹೇಳಿಕೊಳ್ಳುತ್ತಾರೆ. ಬೆಳಗಾವಿ, ಸಾಂಗಲಿ, ಕೊಲ್ಲಾಪುರದ ಸೀಮೆಯಲ್ಲಿ ಕಬ್ಬು, ಜೋಳ ಬೆಳೆಯುವ ಚತುರ್ಥ ಜೈನ ರೈತನಿಗೆ ಈ ಹೊಗಳಿಕೆ ಎಷ್ಟು ಹೊಂದುತ್ತದೆ ಎಂದು ಯಾರೂ ಕೇಳುವುದಿಲ್ಲ. ಯುರೋಪಿನಲ್ಲಿ ಯಹೂದಿ ದ್ವೇಷ ಬೆಳೆದದ್ದೇ ಇಂಥ ಹೊಗಳಿಕೆಯ ಬೆನ್ನಿನಲ್ಲಿ. ಭೂಮಿ ಹೊಂದುವುದನ್ನೂ ಕಸುಬಿನ ಸಂಘಗಳನ್ನು ಸೇರುವುದನ್ನೂ ನಿಷೇಧಿಸಿ ಲೇವಾದೇವಿಗೆ ತಳ್ಳಿದ ಸಮಾಜವೇ ಮುಂದೆ ಅವರನ್ನು ಬಡ್ಡಿಕೋರರೆಂದು ಜರೆಯಿತು. ಕೆಲವರ ಸಂಪತ್ತು ಇಡೀ ಸಮುದಾಯದ ಗುಟ್ಟಾದ ಅಧಿಕಾರವೆಂದು ಬಗೆಯಲ್ಪಟ್ಟಿತು. ಬರ್ಲಿನ್ನಿನ ಬ್ಯಾಂಕರನಿಗೂ ಪೋಲೆಂಡಿನ ಬಡ ದರ್ಜಿಗೂ ಒಂದೇ ಶಿಕ್ಷೆಯಾಯಿತು. 2011ರ ಜನಗಣತಿಯಂತೆ ದೇಶದಲ್ಲಿ 44.5 ಲಕ್ಷ, ಅಂದರೆ ನೂರಕ್ಕೆ ಅರ್ಧದಷ್ಟೂ ಇಲ್ಲದ ಸಮಾಜವು ಆ ಉಪಮೆಯನ್ನು ಹೆಮ್ಮೆಯಿಂದ ಮುಡಿದುಕೊಳ್ಳುವ ಮುನ್ನ ಅದರ ಇತಿಹಾಸವನ್ನು ಓದುವುದು ಒಳಿತು.

ಯಹೂದಿಗಳು ತಮ್ಮ ರಕ್ಷಣೆಗಾಗಿ ಪರದೇಶಗಳ ಸರ್ಕಾರಗಳ ಬಾಗಿಲು ತಟ್ಟಿದ ಇತಿಹಾಸವೂ ಓದತಕ್ಕದ್ದೇ. 1840ರಲ್ಲಿ ದಮಾಸ್ಕಸ್ಸಿನಲ್ಲಿ ಒಬ್ಬ ಕ್ರೈಸ್ತ ಪಾದ್ರಿ ಕಾಣೆಯಾದಾಗ, ಆಚರಣೆಗೆ ರಕ್ತ ಬೇಕೆಂದು ಯಹೂದಿಗಳೇ ಕೊಂದರೆಂಬ ಹಳೆಯ ಸುಳ್ಳು ಹಬ್ಬಿ ಹಲವರು ಸೆರೆಯಾದರು, ಚಿತ್ರಹಿಂಸೆಯಲ್ಲಿ ಕೆಲವರು ಸತ್ತರು. ಲಂಡನ್ನಿನ ಮೋಸೆಸ್ ಮಾಂಟೆಫಿಯೋರೆ ಮತ್ತು ಪ್ಯಾರಿಸ್ಸಿನ ಅಡಾಲ್ಫ್ ಕ್ರೆಮ್ಯೂ ಈಜಿಪ್ಟಿಗೆ ಹೋಗಿ ಮುಹಮ್ಮದ್ ಅಲಿಯನ್ನು ಕಂಡು ಬದುಕುಳಿದವರನ್ನು ಬಿಡಿಸಿದರು. ಬಳಿಕ ಮಾಂಟೆಫಿಯೋರೆ ಆ ಆರೋಪ ಸುಳ್ಳೆಂಬ ಫರ್ಮಾನನ್ನು ಒಟ್ಟೊಮನ್ ಸುಲ್ತಾನನಿಂದಲೇ ಪಡೆದರು. 1906ರಲ್ಲಿ ಸ್ಥಾಪನೆಯಾದ ಅಮೆರಿಕನ್ ಜ್ಯೂಯಿಷ್ ಕಮಿಟಿ, ರಷ್ಯಾದ ಚಕ್ರವರ್ತಿ ಸರ್ಕಾರವು ಅಮೆರಿಕದ ಯಹೂದಿ ನಾಗರಿಕರ ಪಾಸ್‌ಪೋರ್ಟನ್ನು ಮನ್ನಿಸದಿದ್ದುದನ್ನು ಹಿಡಿದು ಚಳವಳಿ ಹೂಡಿತು. 1911ರ ಡಿಸೆಂಬರಿನಲ್ಲಿ ಅಮೆರಿಕದ ಪ್ರತಿನಿಧಿ ಸಭೆ 300ಕ್ಕೆ 1 ಮತದಿಂದ ರಷ್ಯಾದೊಡನೆ 1832ರಿಂದ ಇದ್ದ ವಾಣಿಜ್ಯ ಒಪ್ಪಂದವನ್ನು ಕೈಬಿಡುವಂತೆ ನಿರ್ಣಯಿಸಿತು. ತನ್ನ ನಾಗರಿಕರ ನಡುವೆ ಪರರಾಷ್ಟ್ರವು ಧರ್ಮಭೇದ ಮಾಡುವುದನ್ನು ಒಪ್ಪಲಾಗದು ಎಂಬ ನೇರವಾದ ತತ್ತ್ವವೇ ಅಲ್ಲಿ ಗೆದ್ದಿತು.

ಆದರೆ ಸೋಲುಗಳೂ ಇವೆ. ಅವೇ ಹೆಚ್ಚು ಪಾಠ ಹೇಳುತ್ತವೆ. 1939ರಲ್ಲಿ ಒಂಬೈನೂರಕ್ಕೂ ಹೆಚ್ಚು ನಿರಾಶ್ರಿತರನ್ನು ಹೊತ್ತ ಸೇಂಟ್ ಲೂಯಿಸ್ ಹಡಗನ್ನು ಹವಾನಾ ತಿರುಗಿಸಿ ಕಳಿಸಿತು, ಅಮೆರಿಕ ಒಳಗೆ ಬಿಡಲಿಲ್ಲ. ಯುರೋಪಿಗೆ ಮರಳಿದವರಲ್ಲಿ 254 ಮಂದಿ ಹತ್ಯಾಕಾಂಡದಲ್ಲಿ ಸತ್ತರು. 1943ರ ಅಕ್ಟೋಬರ್ 6ರಂದು ಸುಮಾರು ನಾನೂರು ರಬ್ಬಿಗಳು, ಹೆಚ್ಚಿನವರು ಕಪ್ಪು ನಿಲುವಂಗಿ ತೊಟ್ಟ ಸಂಪ್ರದಾಯನಿಷ್ಠರು, ವಾಷಿಂಗ್ಟನ್ನಿನಲ್ಲಿ ಮೆರವಣಿಗೆ ನಡೆಸಿದರು. ಯುರೋಪಿನಲ್ಲಿ ಉಳಿದಿರುವವರನ್ನಾದರೂ ಉಳಿಸಿ ಎಂಬುದು ಅವರ ಅಹವಾಲು. ಉಪಾಧ್ಯಕ್ಷರು ಸಂಸತ್ ಭವನದ ಮೆಟ್ಟಿಲ ಬಳಿ ಅವರನ್ನು ಕಂಡರು. ಅಧ್ಯಕ್ಷ ರೂಸ್‌ವೆಲ್ಟ್ ಕಾಣಲಿಲ್ಲ. ಅಧ್ಯಕ್ಷರ ಆಪ್ತ ವಲಯದಲ್ಲಿದ್ದ ಕೆಲವು ಯಹೂದಿ ಗಣ್ಯರೇ, ಇಂಥ ಪ್ರದರ್ಶನದಿಂದ ಸಮುದಾಯಕ್ಕೆ ಕೆಟ್ಟ ಹೆಸರು ಬಂದೀತೆಂದು ಭಯಪಟ್ಟು, ಭೇಟಿ ಬೇಡವೆಂಬ ಸಲಹೆಯತ್ತ ವಾಲಿದ್ದರು. ಗಣ್ಯರ ಮೌನಕ್ಕೂ ಸಾಮಾನ್ಯರ ಕೂಗಿಗೂ ನಡುವಿನ ಈ ಅಂತರ ಯಾವ ಅಲ್ಪಸಂಖ್ಯಾತ ಸಮಾಜಕ್ಕೆ ಅಪರಿಚಿತ? ಮೂರು ತಿಂಗಳ ನಂತರ, 1944ರ ಜನವರಿಯಲ್ಲಿ, ನಿರಾಶ್ರಿತರ ರಕ್ಷಣೆಗಾಗಿ ಸರ್ಕಾರಿ ಮಂಡಳಿಯೊಂದು ರಚನೆಯಾಯಿತು. ಆ ವೇಳೆಗೆ ಬಹುಪಾಲು ಕೊಲೆ ಮುಗಿದುಹೋಗಿತ್ತು.

ಆ ತಪ್ಪಿತಸ್ಥ ಪ್ರಜ್ಞೆಯಿಂದಲೇ ಮುಂದಿನ ಪೀಳಿಗೆ ಸೋವಿಯತ್ ಯಹೂದಿಗಳ ಪರವಾಗಿ ಎದ್ದುನಿಂತಿತು. ವಲಸೆ ಹೋಗಲು ಬಿಡದ ದೇಶಕ್ಕೆ ವ್ಯಾಪಾರದ ರಿಯಾಯಿತಿಯಿಲ್ಲ ಎಂಬ ಜಾಕ್ಸನ್-ವಾನಿಕ್ ತಿದ್ದುಪಡಿ 1974ರಲ್ಲಿ ಅಂಗೀಕಾರವಾಯಿತು. ಕಿಸಿಂಜರ್ ಅದನ್ನು ಮೆಚ್ಚಲಿಲ್ಲ. ಕೆಲವು ವರ್ಷ ವಲಸೆ ಹೆಚ್ಚುವ ಬದಲು ಇಳಿಯಿತು ಕೂಡ. 1987ರ ಡಿಸೆಂಬರಿನಲ್ಲಿ ಗೋರ್ಬಚೇವ್ ವಾಷಿಂಗ್ಟನ್ನಿಗೆ ಬಂದಾಗ ಎರಡೂವರೆ ಲಕ್ಷ ಜನ ಅಲ್ಲಿ ನೆರೆದು ಬಾಗಿಲು ತೆರೆಯಿರೆಂದು ಕೂಗಿದರು. ಎರಡು ವರ್ಷದೊಳಗೆ ಬಾಗಿಲು ತೆರೆಯಿತು. ಧರ್ಮದ ಹೆಸರಿನ ವಕಾಲತ್ತು ಕೂಡಲೇ ಫಲ ಕೊಡುವುದಿಲ್ಲ, ಕೊಟ್ಟಾಗ ಅದು ಯಾರ ಕೈಯಿಂದ ಬಂತೆಂದು ಹೇಳುವುದೂ ಸುಲಭವಲ್ಲ.

ಇವೆಲ್ಲವೂ ಸರ್ಕಾರಗಳನ್ನು ಕುರಿತ ಪ್ರಯತ್ನಗಳು. ಇವುಗಳಿಗಿಂತ ಗಹನವಾದುದು ಧರ್ಮಪೀಠವೊಂದು ತನ್ನನ್ನೇ ತಿದ್ದಿಕೊಂಡ ಪ್ರಸಂಗ. ಫ್ರಾನ್ಸಿನ ಇತಿಹಾಸಕಾರ ಜೂಲ್ ಇಸಾಕ್, ಹೆಂಡತಿ ಮಗಳನ್ನು ನಾಜಿಗಳಿಗೆ ಬಲಿಕೊಟ್ಟವರು, 1960ರಲ್ಲಿ ಪೋಪ್ ಇಪ್ಪತ್ತಮೂರನೆಯ ಜಾನ್ ಅವರನ್ನು ಭೇಟಿಯಾಗಿ, ಚರ್ಚಿನ ಬೋಧನೆಯಲ್ಲೇ ಅಡಗಿರುವ ಯಹೂದಿ ತಿರಸ್ಕಾರವನ್ನು ಪರಿಶೀಲಿಸಬೇಕೆಂದು ಕೋರಿದರು. ಐದು ವರ್ಷಗಳ ವಾದವಿವಾದ ನಡೆಯಿತು. ರಬ್ಬಿ ಅಬ್ರಹಾಂ ಜೋಶುವಾ ಹೆಶೆಲ್ ರೋಮಿನವರೆಗೂ ಹೋಗಿ ಮಾತಾಡಿದರು. ಕೊನೆಗೆ 1965ರ ಅಕ್ಟೋಬರ್ 28ರಂದು 'ನೋಸ್ತ್ರಾ ಎತಾತೆ' ಘೋಷಣೆ ಹೊರಬಿದ್ದು, ಯೇಸುವಿನ ಮರಣದ ದೋಷವನ್ನು ಯಹೂದಿ ಜನಾಂಗದ ಮೇಲೆ ಹೊರಿಸಲಾಗದೆಂದಿತು. ಎರಡು ಸಾವಿರ ವರ್ಷಗಳ ಆರೋಪವನ್ನು ಹಿಂತೆಗೆದುಕೊಂಡದ್ದು ಯಾವ ಸೇನೆಯ ಬಲದಿಂದಲೂ ಅಲ್ಲ. ಸುಧಾರಣೆಯ ಮಾತನಾಡುವ ಜೈನರು ಹೆಚ್ಚು ಹೊತ್ತು ನಿಂತು ನೋಡಬೇಕಾದ ಮೈಲಿಗಲ್ಲು ಇದು. ಪರಮತವನ್ನು 'ಮಿಥ್ಯಾತ್ವ' ಎಂದು ತಳ್ಳಿಹಾಕುವ ಪ್ರವಚನಗಳು ಇಂದಿಗೂ ಚಾತುರ್ಮಾಸದ ಸಭೆಗಳಲ್ಲಿ ಕೇಳಿಬರುತ್ತವೆಯಲ್ಲವೇ?

ಇದಕ್ಕೆ ವಿರುದ್ಧ ದಿಕ್ಕಿನಲ್ಲಿರುವ ವಕಾಲತ್ತೂ ಉಂಟು. ಟೆಕ್ಸಾಸಿನ ಪಾದ್ರಿ ಜಾನ್ ಹೇಗಿ 2006ರಲ್ಲಿ ಕಟ್ಟಿದ 'ಕ್ರಿಶ್ಚಿಯನ್ಸ್ ಯುನೈಟೆಡ್ ಫಾರ್ ಇಸ್ರೇಲ್' ತನ್ನ ಸದಸ್ಯರು ಒಂದು ಕೋಟಿ ಮೀರಿದ್ದಾರೆಂದು ಹೇಳಿಕೊಳ್ಳುತ್ತದೆ. 2018ರ ಮೇ 14ರಂದು ಅಮೆರಿಕದ ರಾಯಭಾರ ಕಚೇರಿ ಜೆರುಸಲೇಮಿನಲ್ಲಿ ತೆರೆದಾಗ ಆಶೀರ್ವಚನ ನುಡಿದವರು ಇದೇ ಹೇಗಿ. 2023ರ ಅಕ್ಟೋಬರ್ 7ರ ದಾಳಿಯ ನಂತರ, ನವೆಂಬರಿನಲ್ಲಿ, ವಾಷಿಂಗ್ಟನ್ನಿನಲ್ಲಿ ಯಹೂದಿ ದ್ವೇಷದ ವಿರುದ್ಧವೂ ನಡೆದ ಬೃಹತ್ ಸಭೆಯ ವೇದಿಕೆಯಲ್ಲಿಯೂ ಅವರಿದ್ದರು. ಆದರೆ ಹಿಟ್ಲರನು ಯಹೂದಿಗಳನ್ನು ಪವಿತ್ರ ಭೂಮಿಗೆ ಅಟ್ಟಲು ದೇವರು ಕಳಿಸಿದ ಬೇಟೆಗಾರನೆಂಬ ಅರ್ಥ ಬರುವ ಅವರದೇ ಹಳೆಯ ಪ್ರವಚನ ಬೆಳಕಿಗೆ ಬಂದಾಗ, 2008ರಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಜಾನ್ ಮೆಕೇನ್ ಅವರ ಬೆಂಬಲವನ್ನೇ ನಿರಾಕರಿಸಬೇಕಾಯಿತು. ಈ ಧಾರೆಯ ಅನೇಕ ಕ್ರೈಸ್ತರಿಗೆ ಇಸ್ರೇಲ್ ಎಂಬುದು ಯೇಸುವಿನ ಪುನರಾಗಮನದ ಪಂಚಾಂಗದ ಒಂದು ತಿಥಿ. ಅದರ ಕೊನೆಯ ಅಧ್ಯಾಯದಲ್ಲಿ ಯಹೂದಿಗಳು ಯಹೂದಿಗಳಾಗಿ ಉಳಿಯುವುದಿಲ್ಲ. ಇಂಥ ಪ್ರೀತಿಯನ್ನು ಅನುಮಾನದಿಂದ ನೋಡುವ ಯಹೂದಿಗಳು ಅಮೆರಿಕದಲ್ಲಿ ಬಹಳ ಮಂದಿ ಇದ್ದಾರೆ. 2018ರ ಅಕ್ಟೋಬರಿನಲ್ಲಿ ಪಿಟ್ಸ್‌ಬರ್ಗ್‌ನ ಸಿನಗಾಗಿನೊಳಗೆ ನುಗ್ಗಿ 11 ಮಂದಿಯನ್ನು ಕೊಂದವನ ಕೋಪವಿದ್ದದ್ದು ಇಸ್ರೇಲಿನ ಮೇಲಲ್ಲ, ವಲಸಿಗರಿಗೆ ನೆರವಾಗುವ ಯಹೂದಿ ಸಂಸ್ಥೆಯ ಮೇಲೆ. ಒಂದು ರಾಷ್ಟ್ರದ ಬೆಂಬಲವನ್ನೇ ಯಹೂದಿ ದ್ವೇಷದ ನಿವಾರಣೆಯೆಂದು ಎಣಿಸಿದವರಿಗೆ ಈ ಘಟನೆಯನ್ನು ವಿವರಿಸುವುದು ಕಷ್ಟ.

ವಿಮರ್ಶೆ ಎಲ್ಲಿ ಮುಗಿಯುತ್ತದೆ, ದ್ವೇಷ ಎಲ್ಲಿ ಮೊದಲಾಗುತ್ತದೆ ಎಂಬುದು ಈಗಿನ ಬಿಸಿಯಾದ ವಿವಾದ. ಹತ್ಯಾಕಾಂಡ ಸ್ಮರಣೆಯ ಅಂತರರಾಷ್ಟ್ರೀಯ ಒಕ್ಕೂಟವು 2016ರಲ್ಲಿ ಅಂಗೀಕರಿಸಿದ ವ್ಯಾಖ್ಯೆಯ ಜೊತೆ 11 ಉದಾಹರಣೆಗಳಿವೆ. ಅವುಗಳಲ್ಲಿ 7 ಇಸ್ರೇಲಿಗೆ ಸಂಬಂಧಿಸಿದವು. ಆ ವ್ಯಾಖ್ಯೆಯ ಮೂಲ ಕರಡನ್ನು ಸಿದ್ಧಪಡಿಸುವಲ್ಲಿ ಮುಖ್ಯರಾಗಿದ್ದ ಕೆನ್ನೆತ್ ಸ್ಟರ್ನ್ ಅವರೇ, ಅದನ್ನು ವಿಶ್ವವಿದ್ಯಾಲಯಗಳಲ್ಲಿ ಮಾತಿಗೆ ಬೀಗ ಹಾಕುವ ಸಾಧನವನ್ನಾಗಿ ಬಳಸಬಾರದೆಂದು ಪದೇ ಪದೇ ಎಚ್ಚರಿಸಿದ್ದಾರೆ. 2021ರಲ್ಲಿ ವಿದ್ವಾಂಸರ ಇನ್ನೊಂದು ಗುಂಪು 'ಜೆರುಸಲೇಮ್ ಘೋಷಣೆ' ಎಂಬ ಪರ್ಯಾಯ ವ್ಯಾಖ್ಯೆಯನ್ನು ಮುಂದಿಟ್ಟಿತು. ಜೈನ ಸಂಸ್ಥೆಗಳು ಈ ಪಾಂಡಿತ್ಯದ ಜಗಳದಲ್ಲಿ ತೀರ್ಪುಗಾರರಾಗಬೇಕಿಲ್ಲ. ಸಾಧಾರಣ ವಿವೇಕ ಸಾಕು. ಇಸ್ರೇಲ್ ಸರ್ಕಾರ ಗಾಜಾದಲ್ಲಿ ಮಾಡಿದ್ದನ್ನು ಕಟುವಾಗಿ ಖಂಡಿಸುವವನು ಯಹೂದಿ ದ್ವೇಷಿಯಲ್ಲ. ಅದಕ್ಕಾಗಿ ಠಾಣೆಯ ಅಥವಾ ಪುಣೆಯ ಸಿನಗಾಗಿನ ಮುಂದೆ ಕೂಗುವವನು ಹೌದು. ಅಕ್ಟೋಬರ್ 7ರಂದು ಹತರಾದ ಸುಮಾರು 1200 ಮಂದಿಯ ಸಾವನ್ನು ಸಂಭ್ರಮಿಸುವವನಿಗೂ, ಆ ಬಳಿಕ ಗಾಜಾದಲ್ಲಿ ಸತ್ತ ಹತ್ತಾರು ಸಾವಿರ ಜನರನ್ನು, ಅವರಲ್ಲಿನ ಮಕ್ಕಳನ್ನು, ಲೆಕ್ಕಕ್ಕೇ ತೆಗೆದುಕೊಳ್ಳದವನಿಗೂ ಅಹಿಂಸೆಯ ಹೆಸರು ಹೇಳುವ ಹಕ್ಕಿಲ್ಲ. ಅನೇಕಾಂತವನ್ನು ಇಲ್ಲಿ ಗುರಾಣಿಯಾಗಿ ಹಿಡಿಯುವವರಿದ್ದಾರೆ. ಎರಡೂ ಕಡೆಯದು ಸರಿ ಎಂದು ಹೇಳಿ ಕೈತೊಳೆದುಕೊಳ್ಳುವುದಕ್ಕೆ ಆ ಹೆಸರಲ್ಲ. ಪ್ರತಿ ನಯದಿಂದಲೂ ವಸ್ತುವನ್ನು ನೋಡಿ, ನೋಡಿದ್ದನ್ನು ಹೇಳುವ ಶ್ರಮವೇ ಅನೇಕಾಂತ.

ಆದರೆ ಅಹಿಂಸೆಯನ್ನು ಯಾರಿಗೆ ಬೋಧಿಸಬೇಕೆಂಬ ಪ್ರಶ್ನೆ ಇನ್ನೂ ತೀಕ್ಷ್ಣವಾದುದು. ಶ್ರೀಮದ್ ರಾಜಚಂದ್ರರಿಂದ ಅಹಿಂಸೆಯ ಸಂಸ್ಕಾರ ಪಡೆದ ಗಾಂಧೀಜಿ 1938ರ ನವೆಂಬರ್ 26ರ 'ಹರಿಜನ'ದಲ್ಲಿ ಯಹೂದಿಗಳ ಕುರಿತು ಒಂದು ಲೇಖನ ಬರೆದರು. ಜರ್ಮನಿಯಲ್ಲಿ ಸಿನಗಾಗುಗಳು ಉರಿದು ಎರಡೇ ವಾರವಾಗಿತ್ತು. ಯಹೂದಿಗಳ ಬಗ್ಗೆ ತಮ್ಮ ಸಹಾನುಭೂತಿಯನ್ನು ತಿಳಿಸುತ್ತಲೇ, ಪ್ಯಾಲೆಸ್ಟೈನಿನಲ್ಲಿ ಅರಬರ ಮೇಲೆ ಅವರನ್ನು ಹೇರುವುದು ತಪ್ಪೆಂದರು. ಜರ್ಮನಿಯ ಯಹೂದಿಗಳು ಸತ್ಯಾಗ್ರಹ ಹೂಡಬೇಕೆಂದರು. ಜರ್ಮನಿಯಿಂದ ಅದೇ ವರ್ಷ ಹೊರಟುಬಂದಿದ್ದ ತತ್ತ್ವಜ್ಞಾನಿ ಮಾರ್ಟಿನ್ ಬೂಬರ್ 1939ರ ಫೆಬ್ರವರಿಯಲ್ಲಿ ಜೆರುಸಲೇಮಿನಿಂದ ಉತ್ತರಿಸಿದರು. ದಕ್ಷಿಣ ಆಫ್ರಿಕದ ಭಾರತೀಯರ ಸ್ಥಿತಿಗೂ ಯಾತನಾಶಿಬಿರದ ಸ್ಥಿತಿಗೂ ಹೋಲಿಕೆಯಿಲ್ಲ, ನೋಡುವ ಸಾಕ್ಷಿಯೇ ಇಲ್ಲದ ಕಡೆ ಆತ್ಮತ್ಯಾಗವು ಯಾರ ಮನಸ್ಸನ್ನೂ ಕರಗಿಸಲಾರದು ಎಂಬುದು ಅವರ ವಾದದ ಸಾರ. ಬೂಬರ್ ಹೇಳಿದ್ದು ನಿಜವಾಯಿತು. ಗಾಂಧೀಜಿಯ ಮಾತಿನಲ್ಲಿ ಕ್ರೌರ್ಯವಿರಲಿಲ್ಲ, ದೂರವಿತ್ತು. ಪೀಡಿತನಿಗೆ ಅಹಿಂಸೆಯನ್ನು ಬೋಧಿಸುವುದು ಸುಲಭ. ಪೀಡಕನಿಗೂ, ಬಾಗಿಲು ಮುಚ್ಚಿ ಕುಳಿತ ನೆರೆಯವನಿಗೂ ಬೋಧಿಸುವುದು ಕಷ್ಟ. ಯುದ್ಧಗಳ ಕಾಲದಲ್ಲಿ ಜೈನ ಸಂಘಗಳು ಹೊರಡಿಸುವ ಶಾಂತಿಯ ಹೇಳಿಕೆಗಳು ಮೊದಲನೆಯದರಲ್ಲೇ ನಿಂತುಬಿಡುತ್ತವೆ.

ಹಾಗೆ ನಿಲ್ಲದ ಒಂದು ಚಿಕ್ಕ ಶಾಂತಿವಾದಿ ಸಮುದಾಯದ ಉದಾಹರಣೆ ಕಣ್ಣೆದುರಿಗಿದೆ. ಶಸ್ತ್ರ ಹಿಡಿಯೆವೆಂದು ಪಣತೊಟ್ಟ ಕ್ವೇಕರ್ ಕ್ರೈಸ್ತರು ಸಂಖ್ಯೆಯಲ್ಲಿ ಜೈನರಿಗಿಂತ ಬಹಳ ಕಡಿಮೆ. 1938ರ ನವೆಂಬರಿನಲ್ಲಿ ಬ್ರಿಟನ್ನಿನ ಕ್ವೇಕರರು ಯಹೂದಿ ಪ್ರತಿನಿಧಿಗಳ ಜೊತೆ ಗೃಹಮಂತ್ರಿಯನ್ನು ಕಂಡು ಮಕ್ಕಳಿಗಾದರೂ ಪ್ರವೇಶ ಕೊಡಿರೆಂದು ಕೇಳಿದರು. ಯುದ್ಧ ಆರಂಭವಾಗುವ ಮೊದಲು ಸುಮಾರು 10,000 ಮಕ್ಕಳು ಆ ದಾರಿಯಿಂದ ಬದುಕಿದರು. ಅದೇ ಡಿಸೆಂಬರಿನಲ್ಲಿ ಅಮೆರಿಕದ ರೂಫಸ್ ಜೋನ್ಸ್ ಮತ್ತಿಬ್ಬರು ಬರ್ಲಿನ್ನಿಗೆ ಹೋಗಿ ಗೆಸ್ಟಾಪೊ ಕಚೇರಿಯಲ್ಲೇ ನೆರವಿನ ಕೆಲಸಕ್ಕೆ ಅನುಮತಿ ಬೇಡಿದರು. 1943ರಲ್ಲಿ ವಾಷಿಂಗ್ಟನ್ನಿನಲ್ಲಿ ಶಾಸಕರೊಡನೆ ವ್ಯವಹರಿಸಲು ತಮ್ಮದೇ ಕಚೇರಿ ತೆರೆದರು. 1947ರಲ್ಲಿ ಅವರ ಎರಡು ಸೇವಾ ಸಂಸ್ಥೆಗಳಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅದಾದ ಮರುವರ್ಷವೇ ಯುದ್ಧದಿಂದ ಓಡಿಬಂದ ಪ್ಯಾಲೆಸ್ಟೈನಿಯನ್ನರು ಗಾಜಾದಲ್ಲಿ ತುಂಬಿಕೊಂಡಾಗ, ವಿಶ್ವಸಂಸ್ಥೆಯ ಕೋರಿಕೆಯಂತೆ ಅಲ್ಲಿ ಹಿಟ್ಟು ಹಾಲು ಹಂಚಿ, ಡೇರೆ ಹೊಡೆದು, 1950ರವರೆಗೆ ಶಿಬಿರಗಳನ್ನು ನಡೆಸಿದವರೂ ಇದೇ ಕ್ವೇಕರರು. ಯಹೂದಿ ಮಕ್ಕಳನ್ನು ಬದುಕಿಸಿದ ಜನರೇ ಅರಬ್ ಮಕ್ಕಳಿಗೂ ಉಣಬಡಿಸಿದರು. ಯಾವ ಪಕ್ಷದವರು ನೀವು ಎಂದು ಕೇಳಿದವರಿಗೆ ತೋರಿಸಲು ಅವರಲ್ಲಿ ಇದ್ದದ್ದು ಈ ಕೆಲಸವೇ.

ಪ್ರಭುತ್ವದ ಮುಂದೆ ಅಹವಾಲು ಒಯ್ಯುವುದು ಕನ್ನಡ ಜೈನರಿಗೆ ಹೊಸತಲ್ಲ. 1368ರಲ್ಲಿ ಶ್ರೀವೈಷ್ಣವರಿಂದ ಅನ್ಯಾಯವಾಗುತ್ತಿದೆಯೆಂದು ನಾಡುನಾಡುಗಳ ಜೈನರು ಬುಕ್ಕರಾಯನಿಗೆ ಬಿನ್ನವಿಸಿಕೊಂಡರು. ರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಹಿಡಿಸಿ, ಎರಡು ದರ್ಶನಗಳಿಗೆ ಭೇದವಿಲ್ಲವೆಂದು ಶಾಸನ ಬರೆಸಿದನು. ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿಯನ್ನು ನೇಮಿಸುವ ಹೊಣೆ ಬಿದ್ದದ್ದು ತಿರುಮಲೆಯ ವೈಷ್ಣವರ ಮೇಲೆ. ಅದಕ್ಕೆ ಬೇಕಾದ ಹಣ ಜೈನರ ಮನೆಮನೆಯಿಂದ ಸಂದಾಯವಾಗಬೇಕಿತ್ತು. ಎದುರಾಳಿಯನ್ನೇ ಕಾವಲುಗಾರನನ್ನಾಗಿ ಮಾಡಿದ ಆ ತೀರ್ಪಿನ ಜಾಣ್ಮೆ ಇಂದಿನ ಮನವಿಪತ್ರಗಳಲ್ಲಿ ಕಾಣುವುದಿಲ್ಲ.

ಇಂದು ಭಾರತದ ವಿದೇಶಾಂಗ ನೀತಿಯೇ ಇಸ್ರೇಲ್, ಪ್ಯಾಲೆಸ್ಟೈನ್ ಎರಡರ ನಡುವೆ ತೂಗಿ ನಡೆಯುತ್ತಿದೆ. 2023ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮತದಾನದಿಂದ ದೂರ ಉಳಿದ ಭಾರತ, ಡಿಸೆಂಬರಿನಲ್ಲಿ ಕದನವಿರಾಮದ ಪರ ಮತ ಹಾಕಿತು. ಜೈನ ಸಂಸ್ಥೆಗಳ ಹೆಸರಿನಲ್ಲಿ ಒಂದು ಪಕ್ಷದ ಪರ ಸಹಿ ಕೇಳಿ ಬರುವವರು ಇನ್ನು ಮುಂದೆಯೂ ಬರುವರು. ಸಹಿ ಹಾಕುವ ಮುನ್ನ ಆ ಪತ್ರದಲ್ಲಿ ಎರಡು ವಾಕ್ಯಗಳನ್ನು ಹುಡುಕಬೇಕು. ಯಹೂದಿಗಳನ್ನು ಯಹೂದಿಗಳೆಂಬ ಕಾರಣಕ್ಕೆ ದ್ವೇಷಿಸುವುದನ್ನು ಅದು ಹೆಸರಿಟ್ಟು ಖಂಡಿಸುತ್ತದೆಯೆ? ಪ್ಯಾಲೆಸ್ಟೈನಿನ ನಿರಪರಾಧಿಗಳ ಜೀವವನ್ನು ಜೀವವೆಂದು ಒಪ್ಪುತ್ತದೆಯೆ? ಎರಡರಲ್ಲಿ ಒಂದಿಲ್ಲವಾದರೂ ಅದು ಧರ್ಮದ ಪತ್ರವಲ್ಲ, ಮತ್ತೊಬ್ಬರ ರಾಜಕೀಯದ ಪತ್ರ. ಸ್ವಸ್ತಿಕದ ಪರವಾಗಿ ಬರೆಯುವ ಮನವಿಗೂ ಇದೇ ಅನ್ವಯ. ಆ ಚಿಹ್ನೆಯ ಪ್ರಾಚೀನತೆಯನ್ನು ಹತ್ತು ಸಾಲು ಬರೆದು, ಅದರ ಕೊಕ್ಕೆಗೆ ಸಿಕ್ಕಿ ಸತ್ತವರ ಬಗ್ಗೆ ಒಂದು ಸಾಲೂ ಬರೆಯದ ಮನವಿಯನ್ನು ಹೊರಡಿಸದಿರುವುದೇ ಮೇಲು.

ಪಾಠಶಾಲೆಯ ಪಠ್ಯದಲ್ಲಿ ಸ್ವಸ್ತಿಕದ ಪಾಠಕ್ಕೆ ಒಂದು ಪುಟ ಸೇರಿಸುವುದಕ್ಕೆ ಯಾವ ಸರ್ಕಾರದ ಅನುಮತಿಯೂ ಬೇಡ. ಜರ್ಮನಿಯಲ್ಲಿ ಅದನ್ನು ಕದ್ದವರು ಯಾರು, ಕದ್ದು ಏನು ಮಾಡಿದರು ಎಂದು ಹತ್ತು ವರ್ಷದ ಮಗುವಿಗೆ ಅರ್ಥವಾಗುವಂತೆ ಬರೆಯಬಲ್ಲ ಶಿಕ್ಷಕಿಯರು ಮುಂಬಯಿ, ಪುಣೆ, ಹೈದರಾಬಾದುಗಳ ಕನ್ನಡ ಜೈನ ಕುಟುಂಬಗಳಲ್ಲಿ ಬೇಕಾದಷ್ಟಿದ್ದಾರೆ. ಮುಂಬಯಿಯವರಿಗಂತೂ ಪಾಠ ಪುಸ್ತಕದ ಹೊರಗೂ ಇದೆ. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಪಡೆಯಲ್ಲಿದ್ದು ಟಿಪ್ಪುವಿನ ಸೆರೆಗೆ ಸಿಕ್ಕ ಸ್ಯಾಮ್ಯುಯೆಲ್ ದಿವೇಕರ್ ಎಂಬ ಬೆನೆ ಇಸ್ರೇಲಿ ಯಹೂದಿ, ಬಿಡುಗಡೆಯಾದ ಹರಕೆಗೆ 1796ರಲ್ಲಿ ಮಾಂಡ್ವಿಯಲ್ಲಿ ಸಿನಗಾಗ್ ಕಟ್ಟಿಸಿದರು. ಅವರು ಯಹೂದಿಯೆಂದು ತಿಳಿದು ಟಿಪ್ಪುವಿನ ತಾಯಿಯೇ ಬಿಡಿಸಿದಳೆಂಬ ಐತಿಹ್ಯ ಆ ಸಮುದಾಯದಲ್ಲಿದೆ. ಮಸ್ಜಿದ್ ಬಂದರ್ ರೈಲು ನಿಲ್ದಾಣಕ್ಕೆ ಆ ಹೆಸರು ಬಂದದ್ದೇ ಈ ಪ್ರಾರ್ಥನಾ ಮಂದಿರದಿಂದ ಎಂಬ ಹೇಳಿಕೆಯೂ ಉಂಟು. ಪಾಯಧುನಿಯ ಗೋಡೀಜಿ ಪಾರ್ಶ್ವನಾಥ ಮಂದಿರದಿಂದ ಅಲ್ಲಿಗೆ ನಡೆದೇ ಹೋಗಬಹುದು.